ಕುಚ್ಚಲಕ್ಕಿ ಬೇಯದ ಎತ್ತರ

ಕುಚ್ಚಲಕ್ಕಿ ಅಲ್ಲಿ ಬೇಯುತ್ತದೆಯೇ ಎಂದು ಸ್ವರ್ಣಲತಾ ಕೇಳಿದ್ದಷ್ಟೇ. ಬ್ರಹ್ಮಾವರದ ಆ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದವರೆಲ್ಲ, ಬೈಂದೂರಿನಿಂದ ಬಂದವರು, ಕುಂದಾಪುರದವರು, ಹಿಂದಿನ ಸಾಲಿನ ಸಾಸ್ತಾನದ ಹೆಂಗಸರು, ಒಟ್ಟಿಗೆ ನಕ್ಕುಬಿಟ್ಟರು. ಕೇದಾರಕ್ಕೆ, ಬದರಿಗೆ ಹೊರಟವರು ಕೇಳುವ ಪ್ರಶ್ನೆಯೇ ಇದು ಎಂಬಂತೆ. ಅದಕ್ಕೆ ಸ್ವಲ್ಪ ಮೊದಲು ಒಬ್ಬರು, ಕುದುರೆ ಮೇಲೆ ಕೂತು ಹತ್ತಿದರೆ ಪುಣ್ಯ ಅರ್ಧ ಕುದುರೆಗೆ ಹೋಗುತ್ತದೆಯೇ ಎಂದು ಕೇಳಿದ್ದರು. ಅದಕ್ಕೆ ಯಾರೂ ನಗಲಿಲ್ಲ. ಮತ್ತೊಬ್ಬರು ಅಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುತ್ತದೆಯೇ ಎಂದು ಕೇಳಿದಾಗಲೂ ನಗಲಿಲ್ಲ. ಅನ್ನದ ವಿಷಯ ಬಂದಾಗ ಮಾತ್ರ ಈ ಜನಕ್ಕೆ ನಗು. ಮನೆಗೆ ಹೋದ ಕೂಡಲೇ ಗಂಜಿ ಆಗಿದೆಯಾ ಎಂದು ಕೇಳುವವರು ಇವರೇ. ಸ್ವರ್ಣಲತಾ ಕಿವಿ ಬಿಸಿಯಾಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಕೇಳಿದ್ದಕ್ಕೆ ಪಶ್ಚಾತ್ತಾಪವೇನೂ ಆಗಲಿಲ್ಲ, ಉತ್ತರ ನಗುವಿನಲ್ಲಿ ಮುಳುಗಿ ಹೋದೀತೆಂಬ ಆತಂಕವಷ್ಟೇ ಆಯಿತು.

ಉತ್ತರ ಮುಳುಗಲಿಲ್ಲ. ವರ್ಷಕ್ಕೊಂದು ತಂಡ ಕಟ್ಟಿ ಬೆಟ್ಟ ಹತ್ತಿಸಿ ಇಳಿಸಿಕೊಂಡು ಬರುವ ಚಂದಯ್ಯ, ಎಪ್ರಿಲ್ ಸೆಕೆಯಲ್ಲಿ ಮಾದರಿ ತೋರಿಸಲೆಂದು ತಲೆಗೆ ಹಾಕಿಕೊಂಡಿದ್ದ ಉಲ್ಲನ್ ಟೊಪ್ಪಿಯನ್ನು ತೆಗೆದು, ಹಣೆಯ ಬೆವರು ಒರೆಸಿಕೊಂಡು ಹೇಳಿದ. “ಬೇಯುದಿಲ್ಲೆ ಅಕ್ಕ. ಅಲ್ಲ್ ಗಾಳಿ ತೆಳು ಅಲ್ದಾ, ನೀರ್ ಕೊದಿತ್ತ್, ಆರೆ ಬೇಯ್ಸುವಷ್ಟ್ ಬಿಸಿ ಆತಿಲ್ಲೆ. ಒಂದ್ ವರ್ಷ ವಂಡ್ಸೆಯವ್ರ್ ಒಬ್ರ್ ಗಂಟ್ ಕಟ್ಕಂಡ್ ಬಂದಿರ್. ಬೆಳಿಗ್ಗೆಯಿಂದ ಬೈಸಾರಿ ವರಿಗೆ ಬೇಯ್ಸಿ ಬೇಯ್ಸಿ, ಕಡಿಕ್ ಹಕ್ಕಿಗ್ ಹಾಕ್ರ್. ಹಕ್ಕಿಯೂ ಮೂಸ್ಲಿಲ್ಲೆ.” ಜನ ಮತ್ತೊಮ್ಮೆ ನಕ್ಕರು. ಈ ಸಲದ ನಗು ವಂಡ್ಸೆಯವರ ಪಾಲಿಗೆ ಹೋಯಿತು. ಸ್ವರ್ಣಲತಾ ಮಾತ್ರ ಆ ಮಾತನ್ನು ಬಾಯಲ್ಲಿಟ್ಟುಕೊಂಡವಳಂತೆ ಕೂತುಬಿಟ್ಟಳು. ಕುದಿಯುತ್ತದೆ, ಆದರೆ ಬೇಯಿಸುವುದಿಲ್ಲ. ಇಷ್ಟು ವರ್ಷ ಒಲೆಯ ಮುಂದೆ ನಿಂತವಳಿಗೆ ಇಂಥ ನೀರೂ ಲೋಕದಲ್ಲಿದೆ ಎಂದು ಗೊತ್ತಿರಲಿಲ್ಲವಲ್ಲ. ಅದನ್ನೊಂದು ನೋಡಬೇಕು, ಹಿಮವನ್ನು ಆಮೇಲೆ ನೋಡಿದರಾಯಿತು ಎನ್ನಿಸಿತು.

ಚಂದಯ್ಯ ಮುಂದಕ್ಕೆ ಹೋಗಿದ್ದ. ಬದರಿಯಲ್ಲಿ ಹೊಳೆಯ ದಡಕ್ಕೆ ಬ್ರಹ್ಮಕಪಾಲ ಎಂಬ ಕಟ್ಟೆಯಿದೆ, ಸತ್ತವರ ಹೆಸರು ಹೇಳಿ ಅಲ್ಲಿ ಅನ್ನದ ಪಿಂಡ ಇಟ್ಟರೆ ಮುಗಿಯಿತು, ಅವರಿಗೆ ಮುಕ್ತಿ, ಮತ್ತೆ ಊರಲ್ಲಿ ವರ್ಷ ವರ್ಷ ಬಡಿಸುವ ಕೆಲಸವೇ ಇಲ್ಲ, ಬಡಿಸಿದರೂ ಅವರು ಬರುವುದಿಲ್ಲ. ಯಾರದಾದರೂ ಹೆಸರು ಕೊಡುವುದಿದ್ದರೆ ಶುಕ್ರವಾರ ಮಧ್ಯಾಹ್ನದೊಳಗೆ ತಿಳಿಸಬೇಕು, ಅಲ್ಲಿನ ಭಟ್ಟರಿಗೆ ಮೊದಲೇ ಹೇಳಬೇಕಾಗುತ್ತದೆ. ಸಭೆಯಲ್ಲಿ ಕೈಗಳು ಎದ್ದವು. ಪಕ್ಕದಲ್ಲಿ ಕೂತಿದ್ದ ನಾದಿನಿ ಪ್ರಫುಲ್ಲಾಳ ಕೈ ಎಲ್ಲರಿಗಿಂತ ಮೊದಲೇ ಎದ್ದಿತ್ತು. “ನಮ್ಮ್ ಅಪ್ಪಯ್ಯ, ಅಮ್ಮ. ಮತ್ ನನ್ ಅಣ್ಣ, ಗುಲ್ವಾಡಿ ಕೊರಗ ಶೆಟ್ರ್.” ಗಂಡನ ಹೆಸರು ಹಾಗೆ ತುಂಬಿದ ಸಭೆಯಲ್ಲಿ, ಮೈಕಿನ ಹತ್ತಿರ, ಬೇರೆಯವರ ಬಾಯಲ್ಲಿ ಕೇಳಿಸಿದಾಗ ಸ್ವರ್ಣಲತಾಗೆ ಆ ಮನುಷ್ಯ ಎಲ್ಲೋ ಬಾಗಿಲ ಬಳಿ ನಿಂತಿರಬೇಕೆನಿಸಿ ಕುತ್ತಿಗೆ ತಾನಾಗಿ ಹಿಂದೆ ತಿರುಗಿತು. ಬಾಗಿಲಲ್ಲಿ ಚಾ ತರುವ ಹೆಂಗಸು ನಿಂತಿದ್ದಳು. ಅಷ್ಟರಲ್ಲಿ ಚಂದಯ್ಯ ಇವಳನ್ನೇ ನೋಡಿ, “ಶೆಟ್ರ ಬಳಿ ಯಾವ್ದ್ ಅಕ್ಕ? ಅಲ್ಲಿ ಗೋತ್ರ ಕೇಣ್ತ್ರ್, ನಮ್ಮವ್ರದ್ದ್ ಬಳಿ ಹೇಳ್ರೆ ಸಾಕ್,” ಎಂದ. ಇವಳು ಯೋಚಿಸದೆ ತನ್ನ ತಾಯಿಯ ಬಳಿ ಹೇಳಿಬಿಟ್ಟಳು. ಬಳಿಯೆಂದರೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಕುಲದ ಹೆಸರು. ಗಂಡ ಹೆಂಡತಿಗೆ ಒಂದೇ ಇದ್ದರೆ ಮದುವೆಯೇ ಕೂಡದು. ಅಂದರೆ ತುಂಬಿದ ಸಭೆಯಲ್ಲಿ ಕಟ್ಟಿಕೊಂಡ ಗಂಡನನ್ನು ಒಡಹುಟ್ಟಿದ ಅಣ್ಣ ಮಾಡಿದ ಹಾಗಾಯಿತು. ಪ್ರಫುಲ್ಲಾ ಸರಕ್ಕನೆ ತಿದ್ದಿದಳು. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅವಳು ಮುಂದಿನ ಎರಡು ತಲೆಗಳನ್ನು ನೋಡುತ್ತಿದ್ದಳು. ಕಾರು ನಡೆಸುವ ನಿತೇಶನದೂ, ಪಕ್ಕದಲ್ಲಿ ಕೂತ ಅವನ ತಾಯಿ ಪ್ರಫುಲ್ಲಾಳದೂ ಒಂದೇ ನಮೂನೆಯ ಅಗಲ ಕಿವಿ. ಶೆಟ್ಟರದೂ ಅದೇ ಕಿವಿ. ಆ ಕಿವಿ, ಆ ಬಳಿ, ಸತ್ತವರಿಗೆ ನೀರು ಬಿಡುವ ಹಕ್ಕು, ಎಲ್ಲ ಒಂದೇ ದಾರಿಯಲ್ಲಿ ತಾಯಿಯಿಂದ ತಂಗಿಗೆ, ತಂಗಿಯಿಂದ ಅವಳ ಮಗನಿಗೆ ಹೋಗುತ್ತದೆ. ಗುಲ್ವಾಡಿಯ ಮನೆ ಇವಳ ಹೆಸರಿನಲ್ಲಿದೆ, ಮಕ್ಕಳಿಲ್ಲ, ಕೇಳುವವರಿಲ್ಲ. ಸತ್ತ ಮನುಷ್ಯ ಮಾತ್ರ ಇವಳ ಹೆಸರಿನಲ್ಲಿಲ್ಲ. ಇದೇನು ಹೊಸ ವಿಷಯವಲ್ಲ, ಇವಳ ತವರಿನಲ್ಲಿಯೂ ಹೀಗೆಯೇ. ಆದರೂ ಈವತ್ತು ಎಸಿ ಗಾಳಿ ಮುಂದಿನ ಸೀಟಿಗೇ ಬೀಸುತ್ತ ಹಿಂದಕ್ಕೆ ಬಾರದೆ ಇದ್ದಾಗ ಅದು ಸರಿಯಾಗಿ ತಿಳಿಯಿತು.

“ಜೋಯ್ಸ್ರ್ ಎರ್ಡ್ ಸಲ ಹೇಳ್ರ್ ಅತ್ತಿಗೆ,” ಪ್ರಫುಲ್ಲಾ ಹಿಂದೆ ತಿರುಗದೆ ಹೇಳಿದಳು. “ಅಣ್ಣ ಇನ್ನೂ ಇಲ್ಲೇ ಸುತ್ತ್ತಾ ಇದ್ದ ಅಂಬ್ರ್. ಹಾಂಗಾಯಿ ನಮ್ ಶ್ರಾವ್ಯನ ಮದಿ ಕೂಡಿ ಬತ್ತಿಲ್ಲೆ. ಮೂರ್ ಸಂಬಂಧ ಬಂದದ್ದ್ ಹಾಂಗೇ ಹೋಯ್ತ್. ಅವಂಗೂ ಒಂದ್ ದಾರಿ ಆಯ್ಲಿ, ಮಗ್ಳಿಗೂ ಆಯ್ಲಿ.” ಪ್ರಫುಲ್ಲಾಳ ದನಿ ಕೊನೆಗೆ ಸ್ವಲ್ಪ ಒಡೆಯಿತು. ಅವಳು ಸುಳ್ಳು ಹೇಳುವವಳಲ್ಲ, ರಾತ್ರಿ ನಿದ್ದೆ ಇಲ್ಲದ ತಾಯಿ. “ಈ ಶುಕ್ರವಾರ ಅಣ್ಣಂಗ್ ಇಡು ವರ್ಷದ್ ಎಡೆ ಕಡೇದ್ ಅಂತ ಮಾಡುವ. ಮೀನ್ ಗೀನ್ ಎಂತದೂ ಬ್ಯಾಡ, ಯಾತ್ರೆಗ್ ಹೊರ್ಟವ್ರ್ ನಾವ್.”

“ಯಾತ್ರೆಗ್ ಹೊರ್ಟದ್ ನಾವಲ್ದಾ,” ಸ್ವರ್ಣಲತಾ ಹೇಳಿದಳು, “ಅವ್ರಲ್ಲ.”

“ನಿಮ್ಗ್ ಗೊತ್ತಾತಿಲ್ಲೆ ಅತ್ತಿಗೆ. ನಿಮ್ ಬಳಿ ಬೇರೆ.”

ಸಾಸ್ತಾನದಲ್ಲಿ ಟೋಲ್ ದಾಟುವ ಮೊದಲೇ ಪ್ರಫುಲ್ಲಾಳ ಮನೆ. ಅವಳು ಇಳಿದು, ಕಿಟಕಿಯಲ್ಲಿ ಬಗ್ಗಿ, ಸ್ವೆಟರ್ ಹಾಕಿ ಕಾಣಿ, ಸಣ್ಣ ಆದರೆ ಬದಲಿಸಬಹುದು ಎಂದು ಹೇಳಿ ಹೋದಳು. ಅದೂ ಅವಳೇ. ಈಗಷ್ಟೇ ಚುಚ್ಚಿದ ಬಾಯಿಯಲ್ಲೇ, ಅತ್ತಿಗೆಗೆ ಚಳಿಯಾಗಬಾರದೆಂದು ಉಡುಪಿಯಿಂದ ದಪ್ಪ ಸ್ವೆಟರ್ ತಂದುಕೊಟ್ಟವಳು. ಕಾರು ಹೆದ್ದಾರಿಗೆ ಬಂದ ಮೇಲೆ ನಿತೇಶ ಕನ್ನಡಿಯಲ್ಲಿ ಇವಳನ್ನು ನೋಡಿದ. “ಅತ್ತೆ, ನಿಮ್ ಮನಸ್ಸಿಲ್ದೆ ನಾ ಮಾವನ ಹೆಸ್ರ್ ಕೊಡುದಿಲ್ಲೆ. ಅಮ್ಮ ಎಂತ ಹೇಳ್ರೂ ಸಮಾ. ಶುಕ್ರವಾರ ಎಡೆ ಆಯಿ ಊಟಕ್ಕ್ ಕೂಕಂಬ ಮೊದ್ಲ್ ಒಂದ್ ಮಾತ್ ಹೇಳಿ, ಹೌದಾದ್ರೆ ಹೌದ್, ಅಲ್ಲದಿದ್ರೆ ಅಲ್ಲ.” ಅವನಿಗೆ ಏನು ಹೇಳಬೇಕು? ಹೌದೆಂದರೆ ಆ ಮನುಷ್ಯ ಇನ್ನು ಬರುವುದಿಲ್ಲ. ಅಲ್ಲವೆಂದರೆ ಒಂದು ಹುಡುಗಿಯ ಮದುವೆಗೆ ಅಡ್ಡ ನಿಂತವಳು ಇವಳು. ಸ್ವರ್ಣಲತಾ ಕೇಳಿದ್ದು ಬೇರೆಯೇ. “ಅಲ್ಲ್ ಇಡುದ್ ಯಾವ್ ಅನ್ನ ಮಗಾ?”

“ದೇವಸ್ಥಾನದ್ ಅನ್ನ ಅತ್ತೆ. ಬೆಳ್ತಿಗೆ ಅಕ್ಕಿದ್.”

ಬೆಳ್ತಿಗೆ, ಕುಚ್ಚದ ಬಿಳಿ ಅಕ್ಕಿ! ಡೊಂಬಿವಿಲಿಯ ಸ್ಟೇಷನ್ ಬದಿಯ ಹೋಟೆಲಿನಲ್ಲಿ ದಿನಕ್ಕೆ ಮೂಟೆ ಮೂಟೆ ಬೆಳ್ತಿಗೆ ಅಕ್ಕಿ ಬೇಯಿಸಿ ಊರಿಗೆಲ್ಲ ಬಡಿಸಿದ ಮನುಷ್ಯ ಒಂದು ತುತ್ತು ಅದನ್ನು ಬಾಯಿಗೆ ಹಾಕಿದವರಲ್ಲ. ಅದು ಊಟವಲ್ಲ, ತಿಂಡಿ ಎನ್ನುತ್ತಿದ್ದರು. ಅವರ ಕುಚ್ಚಲಕ್ಕಿ ಇಲ್ಲಿಂದ ಬಸ್ಸಿನ ಡಿಕ್ಕಿಯಲ್ಲಿ ಹೋಗುತ್ತಿತ್ತು, ಇವಳೇ ಚೀಲದ ಬಾಯಿ ಹೊಲಿದು ಕಳಿಸುವುದು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಅದೇ ಬಸ್ಸಿನಲ್ಲಿ ಅವರೂ ಬರುತ್ತಿದ್ದರು. ಬಂದ ದಿನ ಸ್ನಾನ ಮಾಡಿ ನಡುಕೋಣೆಯಲ್ಲಿ ಗೋಡೆಗೆ ಬೆನ್ನು ಹಾಕಿ ಊಟಕ್ಕೆ ಕೂತರೆ ಮಾತಿಲ್ಲ, ಕತೆಯಿಲ್ಲ. ಇವಳು ಬಡಿಸಿ ಅಡುಗೆಮನೆಗೆ ಬಂದು ನಿಲ್ಲುವುದು. ಗೋಡೆಯಾಚೆಯಿಂದ ಬಟ್ಟಲು ಸರಿದ ಶಬ್ದ, ಮೀನಿನ ಮುಳ್ಳು ತಟ್ಟೆಯ ಬದಿಗೆ ಬಿದ್ದ ಶಬ್ದ, ಆಮೇಲೆ ಒಂದೇ ಒಂದು ಮಾತು, “ಉಪ್ಪ್.” ಇವಳು ಉಪ್ಪಿನ ಮರಿಗೆಯನ್ನು ಒಯ್ದು ಇಟ್ಟು ಬರುವುದು. ಇವಳ ಕೈಯಲ್ಲಿ ಉಪ್ಪು ಯಾವಾಗಲೂ ಒಂದು ಹರಳು ಕಡಿಮೆ. ತಿಂಗಳು ಕಳೆದರೆ ಮತ್ತೆ ಬಸ್ಸು. ಹಾಗಾಗಿ ಅವರು ಅಲ್ಲೇ ಹೋಟೆಲಿನಲ್ಲಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲೇ ತೀರಿಕೊಂಡ ಮೇಲೆ, ಬೂದಿ ಬಂದು ಗಂಗೊಳ್ಳಿ ಅಳಿವೆಯಲ್ಲಿ ಕರಗಿದ ಮೇಲೆ, ಮೊದಲ ವರ್ಷದ ಎಡೆಯ ದಿನ ಇವಳಿಗೆ ವ್ಯತ್ಯಾಸವೇ ತಿಳಿದಿರಲಿಲ್ಲ. ವರ್ಷಕ್ಕೊಮ್ಮೆ ಬರುವುದು. ನಡುಕೋಣೆಯಲ್ಲಿ ಉಣ್ಣುವುದು. ಹೋಗುವುದು. ಇವಳು ಗೋಡೆಯ ಈಚೆ ನಿಲ್ಲುವುದು. ಈ ವಿಷಯವನ್ನು ಯಾರಿಗಾದರೂ ಹೇಳಿದರೆ ಹುಚ್ಚು ಹಿಡಿದಿದೆ ಎಂದಾರು ಎಂದು ಹೇಳಿರಲಿಲ್ಲ.

ರಾತ್ರಿ ಸ್ವೆಟರ್ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಬೆವರು ಧಾರೆ ಇಳಿಯಿತು. ತೆಗೆಯಲಿಲ್ಲ. ಮಹಡಿಯ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿಕೊಳ್ಳಬೇಕೆಂದು ಚಂದಯ್ಯ ಹೇಳಿದ್ದ. ಈ ಕಡಲ ಬದಿಯ ಊರಲ್ಲಿ ಏರು ಎಂದರೆ ಇನ್ನೇನಿದೆ, ಹೆದ್ದಾರಿಯ ಮೇಲ್ಸೇತುವೆ ಬಿಟ್ಟರೆ. ಸ್ವೆಟರಿನಲ್ಲೇ ಹತ್ತಿದಳು, ಇಳಿದಳು. ನಾಲ್ಕನೆಯ ಸಲ ಮೇಲೆ ಹೋಗಿ ನಿಂತಾಗ ಹೊಳೆಯ ಕಡೆಯಿಂದ ಗಾಳಿ ಬಂತು, ಕತ್ತಲಲ್ಲಿ ಮರಳಿನ ದೋಣಿಯೊಂದು ಸದ್ದಿಲ್ಲದೆ ಸಾಗುತ್ತಿತ್ತು. ಅವರು ಉಣ್ಣುವಾಗ ಕೈ ಹೇಗಿರುತ್ತಿತ್ತು? ಅನ್ನವನ್ನು ಉಂಡೆ ಮಾಡುತ್ತಿದ್ದರೋ, ಹಾಗೇ ಬಾಚಿ ತಿನ್ನುತ್ತಿದ್ದರೋ? ಮೀನಿನ ತಲೆಯನ್ನು ಮೊದಲು ತಿನ್ನುತ್ತಿದ್ದರೋ, ಕಡೆಗೆ ಇಟ್ಟುಕೊಳ್ಳುತ್ತಿದ್ದರೋ? ಎಷ್ಟು ಯೋಚಿಸಿದರೂ ಕಣ್ಣಿಗೆ ಕಟ್ಟಲಿಲ್ಲ. ಕಟ್ಟುವುದಾದರೂ ಹೇಗೆ, ನೋಡಿದ್ದರಲ್ಲವೇ? ಕೊನೆಯ ಸಲ ಬಂದಿದ್ದಾಗ, ಮನೆಯಲ್ಲಿ ಇಬ್ಬರೇ ಇದ್ದ ಒಂದು ಮಧ್ಯಾಹ್ನ, ಆ ಕಡೆಯಿಂದ “ಉಪ್ಪ್” ಎನ್ನುವ ದನಿ ಬರಬೇಕಾದಲ್ಲಿ, “ಸ್ವರ್ಣ, ನೀನೂ ಬಡ್ಸ್ಕಂಡ್ ಬಾ,” ಎಂದು ಬಂದಿತ್ತು. ಈ ವಯಸ್ಸಿನಲ್ಲಿ, ಎದುರೆದುರು ಕೂತು! ಇವಳು ಮೀನು ಒಲೆ ಮೇಲಿದೆ ಎಂದುಬಿಟ್ಟಳು. ಒಲೆ ಆರಿತ್ತು. ಮೀನು ಆಗಲೇ ಅವರ ತಟ್ಟೆಯಲ್ಲಿತ್ತು. ಅವರು ಮತ್ತೆ ಕರೆಯಲಿಲ್ಲ. ಕರೆಯಬಹುದಿತ್ತಪ್ಪ, ಇನ್ನೊಂದು ಸಲ ಕರೆದರೆ ಗಂಟು ಹೋಗುತ್ತಿತ್ತೇ ಎಂದು ಮಹಡಿಯ ಮೇಲೆ ಸ್ವೆಟರ್ ಹಾಕಿ ನಿಂತವಳಿಗೆ ಸಿಟ್ಟೇ ಬಂತು.

ಶುಕ್ರವಾರ ಬೆಳಿಗ್ಗೆ ಅವಳು ಮೀನು ತಂದಳು. ಬಂಗುಡೆ. ಪ್ರಫುಲ್ಲಾ ಒಳಗೆ ಬಂದು ವಾಸನೆ ಹಿಡಿದು ಮುಖ ಸಣ್ಣ ಮಾಡಿಕೊಂಡೇ ಕಾಯಿ ತುರಿಯಲು ಕೂತಳು. ಶ್ರಾವ್ಯ ಎಲೆ ಒರೆಸಿದಳು. ಸತ್ತವರ ಅಡುಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲ, ಅವರಿಗಿಂತ ಮೊದಲು ನಮ್ಮ ನಾಲಿಗೆ ಮುಟ್ಟಬಾರದು. ಹಾಗಾಗಿ ಕೈ ಅಂದಾಜಿನಲ್ಲಿ ಉಪ್ಪು ಹಾಕಿ ಇಳಿಸುವುದು. ಒಂದು ಕಡೆ ಕುಚ್ಚಲಕ್ಕಿ ಕೊತಕೊತ ಕುದಿಯುತ್ತಿತ್ತು, ಕುದಿದದ್ದು ಬೇಯುತ್ತಲೂ ಇತ್ತು. ಇನ್ನೊಂದು ಒಲೆಯ ಮೇಲೆ ಸ್ವರ್ಣಲತಾ ಸಣ್ಣ ಪಾತ್ರೆಯಲ್ಲಿ ಎರಡು ಮುಷ್ಟಿ ಬೆಳ್ತಿಗೆ ಅಕ್ಕಿ ಇಟ್ಟಿದ್ದಳು. “ಇದ್ಯಾರಿಗ್ ಅತ್ತಿಗೆ?” ಎಂದು ಪ್ರಫುಲ್ಲಾ ಕೇಳಿದ್ದಕ್ಕೆ, “ಕಾಂಬ,” ಎಂದಳು. ಅವಳ ಲೆಕ್ಕ ಸುಲಭದ್ದು. ಅಷ್ಟು ಎತ್ತರದ ಬೆಟ್ಟದ ಮೇಲೆ ಅವರಿಗೆ ಕಡೆಯ ಊಟ ಎಂದು ಬೆಳ್ತಿಗೆ ಅನ್ನ ಇಡುವುದಾದರೆ, ಅವರು ಅದನ್ನು ಮುಟ್ಟುತ್ತಾರೋ ಇಲ್ಲವೋ ಇಲ್ಲೇ ನೋಡಿಬಿಡುವುದು. ಮುಟ್ಟಿದರೆ ನಿತೇಶನಿಗೆ ಹೌದು ಎನ್ನುವುದು. ಸತ್ತ ಮೇಲೆ ನಾಲಿಗೆ ಬದಲಾಗಿರಲೂಬಹುದಲ್ಲ, ಯಾರು ಕಂಡವರು?

ನಡುಕೋಣೆಯಲ್ಲಿ, ಅವರು ಬೆನ್ನು ಹಾಕುತ್ತಿದ್ದ ಗೋಡೆಯ ಹತ್ತಿರ ಮಣೆ ಇಟ್ಟು, ಎದುರಿಗೆ ಬಾಳೆ ಎಲೆ ಹಾಕಿ ನಿತೇಶ ಬಡಿಸಿದ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಪಲ್ಯ, ನಡುವೆ ಕುಚ್ಚಲಕ್ಕಿ ಅನ್ನ, ಬಟ್ಟಲಿನಲ್ಲಿ ಮೀನು ಸಾರು, ಲೋಟದಲ್ಲಿ ಕಳ್ಳು. ಬೆಳ್ತಿಗೆ ಅನ್ನವನ್ನು ಎಲೆಯ ಈ ಬದಿಗೆ ಸ್ವರ್ಣಲತಾ ಹಾಕಿದಳು. ದೀಪಕ್ಕೆ ಕೈಮುಗಿದು ಎಲ್ಲರೂ ಹೊರಗೆ ಬಂದರು. ಇನ್ನು ಬಾಗಿಲು ಎಳೆದುಕೊಂಡು, ಮಾತಾಡದೆ ಹೊರಗೆ ನಿಂತು, ಉಂಡಿರಬಹುದು ಎನಿಸಿದ ಮೇಲೆ ಮೂರು ಸಲ ತಟ್ಟಿ ತೆಗೆಯುವುದು. ಒಳಗೆ ಏನಾಗುತ್ತದೆ ಎಂದು ನೋಡಿದವರಿಲ್ಲ. ಹುಡುಗಿಯಾಗಿದ್ದಾಗ ಒಮ್ಮೆ ಬಾಗಿಲ ಸಂದಿಗೆ ಕಣ್ಣಿಟ್ಟದ್ದಕ್ಕೆ ಅಜ್ಜಿ ಕಿವಿ ಹಿಂಡಿದ್ದು ಇನ್ನೂ ನೆನಪಿದೆ. ಸ್ವರ್ಣಲತಾ ನೀರಿನ ಚೊಂಬು ಮರೆತೆ ಎಂದು ಒಳಗೆ ಹೋದಳು. ಚೊಂಬು ಇಟ್ಟಳು. ಆಮೇಲೆ, ಮೊದಲೇ ನಿರ್ಧಾರ ಮಾಡಿದ್ದವಳಂತೆ ಬಾಗಿಲನ್ನು ಒಳಗಿನಿಂದ ಮುಚ್ಚಿ ಚಿಲಕ ಹಾಕಿದಳು. ಹೊರಗೆ ಪ್ರಫುಲ್ಲಾ “ಅತ್ತಿಗೆ?” ಎಂದದ್ದು ಕೇಳಿಸಿತು. ಆಮೇಲೆ ಮಾತಾಡಬಾರದೆಂದು ನೆನಪಾಗಿ ಸುಮ್ಮನಾದದ್ದೂ ಕೇಳಿಸಿತು.

ಮಣೆಯ ಎದುರಿಗೆ, ಎಲೆಯ ಈಚೆಗೆ, ನೆಲದ ಮೇಲೆ ಕೂತಳು. ಹೆದರಿಕೆ ಆಗುತ್ತದೆಂದು ಕಾದಳು, ಆಗಲಿಲ್ಲ. ದೀಪ ಅಲುಗದೆ ಉರಿಯಿತು. ಸಾರಿನ ಮೇಲೆ ತೆಳ್ಳಗೆ ಕೆನೆಯ ಹಾಗೆ ಎಣ್ಣೆ ಕಟ್ಟಿತು. ಕುಚ್ಚಲಕ್ಕಿ ಅನ್ನದಿಂದ ಹಬೆ ಏಳುತ್ತಿತ್ತು. ಬೆಳ್ತಿಗೆ ಅನ್ನ ಆಗಲೇ ತಣಿದು ಸುಮ್ಮನೆ ಬಿದ್ದಿತ್ತು. ಅವಳು ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸುತ್ತ, ಒಂದು ಅಗುಳು ಜರುಗಿದರೂ ಸಾಕು ಎಂದು ಕಾದಳು. ಯಾವುದೂ ಜರುಗಲಿಲ್ಲ. ಜರುಗುತ್ತದೆಯೇ? ಅವರು ಹೇಗೆ ಉಣ್ಣುತ್ತಾರೆಂದೇ ಗೊತ್ತಿಲ್ಲದವಳು ಏನನ್ನು ನೋಡಿ ಉಂಡರು ಎನ್ನುವುದು, ಏನನ್ನು ನೋಡಿ ಇಲ್ಲ ಎನ್ನುವುದು? ನಗು ಬಂತು. ಎದುರಿನ ಗೋಡೆಯಲ್ಲಿ ಅವರ ತಲೆ ತಾಗಿ ತಾಗಿ ಸುಣ್ಣ ಎಣ್ಣೆ ಕುಡಿದ ಒಂದು ಕಲೆ ಇತ್ತು. ಅಷ್ಟು ವರ್ಷ ಗೋಡೆ ಒರೆಸಿದ್ದರೂ ಇವಳು ಅದನ್ನು ಈ ಕಡೆಯಿಂದ, ಕೂತು, ನೋಡಿರಲಿಲ್ಲ. ಕೂತ ಮನುಷ್ಯ ಇಷ್ಟೇ ಎತ್ತರವೇ ಎನಿಸಿತು. ನಿಂತಾಗ ಬಾಗಿಲಿಗೆ ತಲೆ ತಗ್ಗಿಸುತ್ತಿದ್ದವರು, ಕೂತರೆ ತನ್ನಷ್ಟೇ.

ಬಾಗಿಲು ಮೂರು ಸಲ ಬಡಿಯಿತು. ನಿತೇಶ. “ಅತ್ತೆ, ಆಯ್ತಾ?”

“ಇಲ್ಲೆ,” ಎಂದಳು ಸ್ವರ್ಣಲತಾ. ದನಿ ತನ್ನದೇ ಎಂದು ಖಾತ್ರಿಯಾಗುವಷ್ಟು ಗಟ್ಟಿಯಾಗಿತ್ತು. “ಉಂಬುಕ್ ಕೂತಿದ್ರ್. ಕೂತವ್ರನ್ನ ಏಳ್ಸ್‌ಬ್ಯಾಡಿ.”

ಹೊರಗೆ ಯಾರದೋ ಮೊಬೈಲು ರಿಂಗಾಗಿ, ನಿತೇಶ ಮೆಲ್ಲನೆ “ಚಂದಯ್ಯಣ್ಣ” ಎಂದದ್ದು, ಒಂದು ನಿಮಿಷ ಎಂದದ್ದು ಕೇಳಿಸಿತು. ಆಮೇಲೆ ಬಾಗಿಲ ಹಲಗೆಗೆ ತೀರ ಹತ್ತಿರ, ಕೆನ್ನೆ ಒತ್ತಿ ಹೇಳಿದ ಹಾಗೆ, ಪ್ರಫುಲ್ಲಾಳ ದನಿ ಬಂತು. ಜಗಳದ ದನಿಯಲ್ಲ. ಸಣ್ಣ ಹುಡುಗಿ ಸಂದಿಗೆ ಕಣ್ಣಿಟ್ಟು ಕೇಳುವ ದನಿ. “ಅತ್ತಿಗೆ. ಅಣ್ಣ ಯಾವ್ ಅನ್ನ ಉಣ್ತಾ ಇದ್ದ?”

ಸ್ವರ್ಣಲತಾ ಎಲೆಯನ್ನು ನೋಡಿದಳು. “ಕುಚ್ಚಲಕ್ಕಿದ್,” ಎಂದಳು. “ಬೆಳ್ತಿಗೆ ಬದಿಗ್ ಸರ್ಸಿದ್ರ್.”

ಬಾಗಿಲಾಚೆ ಒಂದು ಉಸಿರು ಎಳೆದುಕೊಂಡ ಸದ್ದು. ಅಳುವೋ, ನಗುವೋ, ಎರಡೂ ಇರಬಹುದು. ಒಡಹುಟ್ಟಿದವಳಿಗೆ ಅಣ್ಣನ ಹಟ ಗೊತ್ತಿಲ್ಲದೆ ಏನು? “ನಿತೇಶ,” ಪ್ರಫುಲ್ಲಾ ಹೇಳಿದಳು, “ಅಪ್ಪಯ್ಯಂದ್, ಅಮ್ಮಂದ್ ಹೆಸ್ರ್ ಕೊಡ್. ಅಣ್ಣಂದ್ ಬ್ಯಾಡ ಅನ್. ಶ್ರಾವ್ಯಂಗೆ ನಾ ದೇವ್ರ ಹತ್ರವೇ ಕೇಣ್ತೆ, ಅಲ್ಲಿ ತನಕ ಹೋಯ್ಕಲ್ದಾ ಹ್ಯಾಂಗೂ.” ಅವಳು ಹೊಸಿಲ ಬಳಿ ನೆಲದಲ್ಲೇ ಕೂತದ್ದು, ಬಳೆ ಬಾಗಿಲಿಗೆ ತಾಗಿದ್ದು ಕೇಳಿಸಿತು.

ಸ್ವರ್ಣಲತಾ ಬೆಳ್ತಿಗೆ ಅನ್ನವನ್ನು ಕೈಯಿಂದ ಬಳಿದು ತನ್ನ ಕಡೆಗೆ ಎಳೆದುಕೊಂಡಳು. ಬರುವ ತಿಂಗಳು ಬೆಟ್ಟದ ಮೇಲೆ ಇದನ್ನೇ ಉಣ್ಣುವವಳಲ್ಲವೇ ತಾನು, ಈಗಲೇ ಅಭ್ಯಾಸ ಆಗಲಿ. ಒಣ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಎದುರಿನ ಬಟ್ಟಲಿನಿಂದ ನಾಲ್ಕು ಹನಿ ಸಾರು ಹಾಕಿಕೊಂಡು ಕಲಸಿದಳು. ಯಾತ್ರೆಯ ನೇಮ ನೆನಪಾಗುವ ಹೊತ್ತಿಗೆ ತುತ್ತು ಬಾಯಿಯೊಳಗಿತ್ತು. ನಿಧಾನಕ್ಕೆ ಅಗಿದಳು. ಉಪ್ಪು ಒಂದು ಹರಳು ಕಡಿಮೆಯಿತ್ತು. ಅಂದರೆ ಹೋದ ವರ್ಷದ ಎಡೆಯಲ್ಲೂ, ಅದರ ಹಿಂದಿನದರಲ್ಲೂ ಕಡಿಮೆಯೇ ಇದ್ದಿರಬೇಕು. ಇಷ್ಟು ವರ್ಷ ಈ ಮನುಷ್ಯ ಕೇಳದೆ, ಕರೆಯದೆ, ಹಾಗೇ ಉಂಡೆದ್ದು ಹೋಗಿದ್ದಾರೆ.

ಅವಳು ಎಲೆಯ ತುದಿಯಿಂದ ಒಂದು ಚಿಟಿಕೆ ಉಪ್ಪು ತೆಗೆದು ಬಟ್ಟಲಿಗೆ ಹಾಕಿ, ಬೆರಳಿನಿಂದ ಕಲಸಿ, ಮಣೆಯ ಕಡೆಗೆ ಸರಿಸಿದಳು.